ಹೆಡ್‌ಫೋನಿನ ಅನಗತ್ಯ ಸದ್ದು: ಕಾರಣ, ಪರೀಕ್ಷೆ ಮತ್ತು ಪರಿಹಾರ

ವಾರಾಣಸಿಯು ಸಂಗೀತದ ನಗರ. ಕಬೀರ್ ಚೌರಾ ಬಡಾವಣೆಯ ತಬಲಾ ಹಾಗೂ ಗಾಯನ ಪರಂಪರೆ, ಸಂಕಟಮೋಚನ ದೇವಾಲಯದಲ್ಲಿ ಪ್ರತಿವರ್ಷ ಜರುಗುವ ಸಂಗೀತೋತ್ಸವ, 1916ರಲ್ಲಿ ಸ್ಥಾಪಿತವಾದ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿನ ಸಂಗೀತ ಶಿಕ್ಷಣ ಇವೆಲ್ಲವೂ ಆ ಕೀರ್ತಿಗೆ ಕಾರಣವಾಗಿವೆ. 2015ರಲ್ಲಿ ಯುನೆಸ್ಕೋ ಸಂಸ್ಥೆಯು ತನ್ನ ಸೃಜನಶೀಲ ನಗರಗಳ ಸಾಲಿಗೆ ಸಂಗೀತದ ಹೆಸರಿನಲ್ಲಿ ಈ ನಗರವನ್ನು ಸೇರಿಸಿಕೊಂಡಿತು. ಜಂಗಮವಾಡಿ ಮಠದ ಮೂಲಕವೂ ಹನುಮಾನ್ ಘಾಟಿನ ಆಸುಪಾಸಿನ ದಕ್ಷಿಣ ಭಾರತೀಯರ ನೆಲೆಗಳ ಮೂಲಕವೂ ಕನ್ನಡಿಗರಿಗೆ ಈ ಊರಿನ ನಂಟು ಬಹುಕಾಲದ್ದು. ಯಾತ್ರೆಗೆ ಮಾತ್ರವಲ್ಲದೆ ವಿದ್ಯೆಗಾಗಿಯೂ ಕನ್ನಡಿಗರು ಅಲ್ಲಿಗೆ ಹೋಗುತ್ತಾರೆ.

ಗುರುಗಳು ಹೇಳಿದ ಪಾಠವನ್ನು ಧ್ವನಿಮುದ್ರಿಸಿಕೊಂಡು, ರಾತ್ರಿ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಹೆಡ್‌ಫೋನ್ ಧರಿಸಿ ಮತ್ತೆ ಮತ್ತೆ ಕೇಳುವುದು ಈಗ ವಿದ್ಯಾರ್ಥಿಗಳ ಸಾಮಾನ್ಯ ಅಭ್ಯಾಸ. ಹಾಗೆ ಕೇಳುವಾಗ ತಂಬೂರಿಯ ನಾದದ ಅಡಿಯಲ್ಲಿ ಯಾರೂ ನುಡಿಸದ ಇನ್ನೊಂದು ನಾದ ಗುಂಯ್ ಎಂದು ಎಡೆಬಿಡದೆ ಕೇಳಿಸುವುದುಂಟು. ದೋಷವು ಹೆಡ್‌ಫೋನಿನದೇ ಎಂದು ಭಾವಿಸಿ ಹೊಸದನ್ನು ಕೊಳ್ಳುವವರು ಅನೇಕರು. ಹೊಸ ಹೆಡ್‌ಫೋನ್ ಹೆಚ್ಚು ಸೂಕ್ಷ್ಮವಾದುದಾದರೆ ಆ ಸದ್ದು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೊನೆಗೆ ತಿಳಿದವರೆನಿಸಿಕೊಂಡ ಯಾರೋ ಒಬ್ಬರು, ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ತೆಗೆದುಹಾಕಿದರೆ ಸದ್ದು ನಿಲ್ಲುತ್ತದೆಂದು ಸಲಹೆ ನೀಡುತ್ತಾರೆ. ಅನೇಕ ವೇಳೆ ಅದು ನಿಲ್ಲುವುದೂ ನಿಜ. ಆದರೆ ಈ ಸಲಹೆಯಿಂದ ಪ್ರಾಣಕ್ಕೇ ಅಪಾಯವಿದೆ. ಹೆಡ್‌ಫೋನಿನ ಗುಂಗು ಕೇವಲ ಕಿವಿಯ ಕಿರಿಕಿರಿಯಲ್ಲ. ಕೆಲವೊಮ್ಮೆ ಅದು ಮನೆಯ ವಿದ್ಯುತ್ ವ್ಯವಸ್ಥೆಯಲ್ಲಿನ ಕೊರತೆಯೊಂದರ ಸೂಚನೆ. ಸೂಚನೆಯನ್ನು ಅಡಗಿಸುವುದಕ್ಕೂ ಕೊರತೆಯನ್ನು ಸರಿಪಡಿಸುವುದಕ್ಕೂ ಇರುವ ಅಂತರವನ್ನು ಪ್ರತಿಯೊಬ್ಬ ಬಳಕೆದಾರನೂ ಅರಿತಿರುವುದು ಅಗತ್ಯ.

ಸದ್ದಿನ ಗುರುತು

ಅನಗತ್ಯ ಸದ್ದುಗಳೆಲ್ಲ ಒಂದೇ ಬಗೆಯವಲ್ಲ. ವೈದ್ಯನು ಕೆಮ್ಮಿನ ದನಿಯಿಂದಲೇ ರೋಗವನ್ನು ಊಹಿಸುವಂತೆ, ಸದ್ದಿನ ಸ್ವರೂಪದಿಂದಲೇ ಅದರ ಮೂಲವನ್ನು ಬಹುಮಟ್ಟಿಗೆ ಊಹಿಸಬಹುದು.

ನಮ್ಮ ದೇಶದ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತು 230 ವೋಲ್ಟಿನದು. ಅದು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಈ ವಿದ್ಯುತ್ತು ಧ್ವನಿಯ ಮಾರ್ಗದೊಳಗೆ ನುಸುಳಿದಾಗ 50 ಹರ್ಟ್ಸ್ ಮಾತ್ರವಲ್ಲದೆ ಅದರ ಗುಣಕಗಳಾದ 100, 150 ಹರ್ಟ್ಸ್‌ಗಳೂ ಕೇಳಿಸುತ್ತವೆ. ಕಿವಿಯು 50 ಹರ್ಟ್ಸ್‌ನಷ್ಟು ತಗ್ಗಿನ ನಾದವನ್ನು ಅಷ್ಟಾಗಿ ಗ್ರಹಿಸದಿರುವುದರಿಂದ ಸಾಮಾನ್ಯವಾಗಿ 100 ಹರ್ಟ್ಸ್‌ನ ಗುಂಗೇ ಮುಂದಾಗಿ ತೋರುತ್ತದೆ. ಸಂಗೀತಾಭ್ಯಾಸಿಗೆ ಇದು ವಿಶೇಷ ತೊಡಕು. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಪುರುಷ ಗಾಯಕನ ತಂಬೂರಿಯ ಮೊದಲ ತಂತಿಯನ್ನು ಮಂದ್ರ ಪಂಚಮಕ್ಕೆ ಕೂಡಿಸಿದಾಗ ಅದರ ಆವರ್ತನ ಸುಮಾರು 98 ಹರ್ಟ್ಸ್. ಅದರೊಡನೆ 100 ಹರ್ಟ್ಸ್‌ನ ಗುಂಗು ಸೇರಿದರೆ ಸೆಕೆಂಡಿಗೆ ಎರಡು ಬಾರಿಯಂತೆ ಏರಿಳಿಯುವ ಮಿಡಿತವೊಂದು ಹುಟ್ಟುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯೂ ಆಗ ಅಪಶ್ರುತಿಯಲ್ಲಿರುವಂತೆ ಭಾಸವಾಗುತ್ತದೆ. ವಿದ್ಯಾರ್ಥಿಯು ತನ್ನ ಕಿವಿಯನ್ನೇ ಶಂಕಿಸುವಂತಾಗುವುದು ಇಂತಹ ಸಂದರ್ಭದಲ್ಲಿ.

ಮೌಸನ್ನು ಸರಿಸಿದಾಗ, ಪರದೆಯ ಮೇಲಿನ ಪುಟವನ್ನು ಉರುಳಿಸಿದಾಗ, ಕಡತವೊಂದನ್ನು ತೆರೆದಾಗ ಬದಲಾಗುವ ತೆಳುವಾದ ಕೀರಲು ಸದ್ದು ಬೇರೆ ಜಾತಿಯದು. ಅದು ಮನೆಯ ವಿದ್ಯುತ್ತಿನಿಂದ ಬಂದುದಲ್ಲ; ಕಂಪ್ಯೂಟರಿನ ಒಳಗೇ ಹುಟ್ಟಿದುದು. ಮಳೆ ಸುರಿಯುವಂತೆ ಒಂದೇ ಸಮನೆ ಕೇಳುವ ‘ಸ್’ ಎಂಬ ಸದ್ದು ಸಾಮಾನ್ಯವಾಗಿ ಧ್ವನಿವರ್ಧನೆಯು ಅಗತ್ಯಕ್ಕಿಂತ ಹೆಚ್ಚಾಗಿರುವುದರ ಲಕ್ಷಣ. ಪಿನ್ನನ್ನು ತಿರುಗಿಸಿದಾಗ ಚರಪರ ಎಂದರೆ ಸಂಪರ್ಕದಲ್ಲಿ ಧೂಳು ಅಥವಾ ತುಕ್ಕು ಇದೆಯೆಂದು ತಿಳಿಯಬೇಕು. ಬಿಟ್ಟುಬಿಟ್ಟು ಟರ್‌ಟರ್ ಎಂದು ಕೇಳಿಸಿ, ಮರುಕ್ಷಣವೇ ಮೊಬೈಲ್ ಮೊಳಗಿದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ; ಎರಡನೆಯ ತಲೆಮಾರಿನ ಮೊಬೈಲ್ ಜಾಲದ ಸಂಕೇತಗಳು ಸೆಕೆಂಡಿಗೆ ಸುಮಾರು 217 ತುಣುಕುಗಳಾಗಿ ಹೊರಡುವುದರಿಂದ ಈ ಸದ್ದು ಉಂಟಾಗುತ್ತದೆ. ಫೋನನ್ನು ಎರಡು ಅಡಿ ದೂರವಿಟ್ಟರೆ ಸಾಕು.

ಇನ್ನೊಂದು ದೋಷ ಕುತೂಹಲಕರವಾದುದು. ಹಾಡುಗಾರನ ಕಂಠ ಮಾಯವಾಗಿ, ಪಕ್ಕವಾದ್ಯಗಳು ಮಾತ್ರ ಗವಿಯೊಳಗಿನಿಂದ ಬಂದಂತೆ ಕೇಳಿಸುವುದುಂಟು. ಎಡ ಮತ್ತು ಬಲ ಕಿವಿಗಳೆರಡಕ್ಕೂ ಸಾಮಾನ್ಯವಾದ ಹಿಂತಿರುಗು ತಂತಿಯು ಕಡಿದುಹೋದಾಗ ಎರಡೂ ಬದಿಗಳ ವ್ಯತ್ಯಾಸವಷ್ಟೇ ಕಿವಿಗೆ ತಲಪುತ್ತದೆ. ನಡುವಿನಲ್ಲಿ ನೆಲೆಗೊಂಡ ಕಂಠವು ಎರಡೂ ಕಡೆ ಸಮನಾಗಿರುವುದರಿಂದ ಕಳೆದುಹೋಗುತ್ತದೆ. ಪಿನ್ನಿನ ಬುಡದಲ್ಲಿ ತಂತಿ ಮಡಿಚಿಕೊಂಡ ಹೆಡ್‌ಫೋನುಗಳಲ್ಲಿ ಇದು ಸಾಮಾನ್ಯ.

ಮೊದಲ ಪರೀಕ್ಷೆಗಳು

ಹಣ ವ್ಯಯಿಸುವ ಮುನ್ನ ಕೆಲವು ನಿಮಿಷಗಳನ್ನು ವ್ಯಯಿಸುವುದು ಲೇಸು. ನುಡಿಯುತ್ತಿರುವ ಪಾಠವನ್ನು ತಡೆಹಿಡಿದು ನೋಡಬೇಕು. ಸದ್ದೂ ಅದರೊಡನೆ ನಿಂತರೆ ಅದು ಧ್ವನಿಮುದ್ರಣದಲ್ಲೇ ಇದೆಯೆಂದು ತಿಳಿಯಬಹುದು. ಮುಂದುವರಿದರೆ ಯಂತ್ರದ್ದು ಅಥವಾ ಮನೆಯದು. ಕೆಲವು ಕಂಪ್ಯೂಟರುಗಳು ಏನೂ ನುಡಿಯದಿರುವಾಗ ಧ್ವನಿಭಾಗವನ್ನು ತಾವಾಗಿಯೇ ಮಲಗಿಸುವುದರಿಂದ, ತಡೆಹಿಡಿದ ಮರುಕ್ಷಣವೇ ಆಲಿಸಬೇಕು. ಅನಂತರ ಅದೇ ಹೆಡ್‌ಫೋನನ್ನು ಬೇರೊಂದು ಸಾಧನಕ್ಕೆ ಜೋಡಿಸಿ ಕೇಳಬೇಕು. ಅಲ್ಲಿ ನಿಶ್ಶಬ್ದವಾಗಿದ್ದರೆ ಹೆಡ್‌ಫೋನ್ ನಿರ್ದೋಷಿ.

ಲ್ಯಾಪ್‌ಟಾಪ್ ಇರುವವರಿಗೆ ಅತ್ಯಂತ ಬೆಲೆಯುಳ್ಳ ಪರೀಕ್ಷೆ ಮುಂದಿನದು. ಚಾರ್ಜರನ್ನು ಗೋಡೆಯಿಂದ ಕಿತ್ತು ಬ್ಯಾಟರಿಯ ಮೇಲೆ ನಡೆಸಬೇಕು. ಗುಂಗು ತಕ್ಷಣ ನಿಂತುಹೋದರೆ ಮೂಲವು ಚಾರ್ಜರಿನಲ್ಲಿ ಅಥವಾ ಗೋಡೆಯ ಸಾಕೆಟ್ಟಿನಲ್ಲಿದೆ. ನಿಲ್ಲದಿದ್ದರೆ ಯಂತ್ರಕ್ಕೆ ಜೋಡಿಸಿದ ಹೊರ ಪರದೆ, ಧ್ವನಿವರ್ಧಕ, ಮುದ್ರಣಯಂತ್ರ, ಜಾಲದ ತಂತಿ ಇವುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಬೇಕು. ಒಂದೇ ಬಾರಿಗೆ ಎಲ್ಲವನ್ನೂ ಬಿಡಿಸಿದರೆ ಅಪರಾಧಿ ಯಾರೆಂದು ತಿಳಿಯುವುದಿಲ್ಲ.

ಯಂತ್ರದ ಒಳಗಿನ ಸದ್ದು

ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಪೆಟ್ಟಿಗೆಯ ಮುಂಭಾಗದ ಹೆಡ್‌ಫೋನ್ ರಂಧ್ರಕ್ಕೆ ಮೂಲ ಫಲಕದಿಂದ ಉದ್ದನೆಯ ತೆಳು ತಂತಿಯೊಂದು ಬರುತ್ತದೆ. ಚಿತ್ರ ಸಂಸ್ಕರಣದ ಕಾರ್ಡು, ಪಂಖಗಳು, ತಟ್ಟೆಗಳು ಇವುಗಳ ನಡುವೆ ಹಾದುಬರುವಾಗ ಅವೆಲ್ಲವುಗಳ ಸದ್ದನ್ನೂ ಅದು ಹೀರಿಕೊಳ್ಳುತ್ತದೆ. ಹಿಂಭಾಗದ ರಂಧ್ರವು ಮೂಲ ಫಲಕದ ಮೇಲೆಯೇ ಇರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಮೌಸಿನೊಡನೆ ಬದಲಾಗುವ ಕೀರಲು ಸದ್ದು ಹಿಂಭಾಗಕ್ಕೆ ಜೋಡಿಸಿದೊಡನೆ ಶಮನವಾಗುವುದನ್ನು ಅನೇಕರು ಕಂಡಿದ್ದಾರೆ. ಆಗಲೂ ನಿಲ್ಲದಿದ್ದರೆ ಯುಎಸ್‌ಬಿ ಮೂಲಕ ಜೋಡಿಸುವ ಪುಟ್ಟ ಧ್ವನಿಸಾಧನವನ್ನು ಬಳಸಬಹುದು. ಧ್ವನಿಯನ್ನು ಅಂಕೆಗಳಿಂದ ನಾದಕ್ಕೆ ಪರಿವರ್ತಿಸುವ ಕಾರ್ಯವು ಆಗ ಪೆಟ್ಟಿಗೆಯ ಹೊರಗೆ ನಡೆಯುತ್ತದೆ. ಆದರೆ ಅಂತಹ ಸಾಧನವೂ ತನ್ನ ವಿದ್ಯುತ್ತನ್ನು ಕಂಪ್ಯೂಟರಿನಿಂದಲೇ ಪಡೆಯುವುದರಿಂದ ಪೂರ್ಣ ನಿಶ್ಶಬ್ದದ ಭರವಸೆಯಿಲ್ಲ. ನಿಸ್ತಂತು ಹೆಡ್‌ಫೋನಿನಲ್ಲಿ ತಂತಿಯೇ ಇಲ್ಲದ ಕಾರಣ ಈ ಬಗೆಯ ಸದ್ದು ಇರದು. ಆದರೆ ಧ್ವನಿಯು ಅರೆಕ್ಷಣ ತಡವಾಗಿ ಬರುವುದರಿಂದ ತಾಳದೊಡನೆ ಅಭ್ಯಾಸ ಮಾಡುವವರಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ.

‘ಸ್’ ಎಂಬ ಸದ್ದಿಗೆ ಮದ್ದು ಬಹುಪಾಲು ಪರದೆಯ ಮೇಲೆಯೇ ಇದೆ. ಬಳಸದಿರುವ ಮೈಕ್ ಮತ್ತು ಇತರ ಒಳಮಾರ್ಗಗಳನ್ನು ಮೌನಗೊಳಿಸಿ, ಮೈಕಿಗೆ ನೀಡಿರುವ ಹೆಚ್ಚುವರಿ ವರ್ಧನೆಯನ್ನು ಇಳಿಸಬೇಕು. ಪ್ರತ್ಯೇಕ ಧ್ವನಿವರ್ಧಕವಿದ್ದಲ್ಲಿ ಕಂಪ್ಯೂಟರಿನ ಧ್ವನಿಯನ್ನು ಏರಿಸಿ ವರ್ಧಕದ ಗುಂಡಿಯನ್ನು ಇಳಿಸುವುದು ಸರಿಯಾದ ಕ್ರಮ; ಇದಕ್ಕೆ ತದ್ವಿರುದ್ಧವಾಗಿ ಮಾಡುವವರೇ ಹೆಚ್ಚು.

ಭೂಸಂಪರ್ಕ ಮತ್ತು ಗುಂಗು

ವಿಷಯದ ತಿರುಳು ಇರುವುದು ಇಲ್ಲಿ. ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಘಟಕವು ತನ್ನೊಳಗೆ ಹುಟ್ಟುವ ಕಲಕುಗಳನ್ನು ಹೊರಹಾಕಲು ಎರಡು ಪುಟ್ಟ ಕೆಪಾಸಿಟರುಗಳನ್ನು ಹೊಂದಿರುತ್ತದೆ. ಒಂದು ಫೇಸ್ ತಂತಿಗೂ ಲೋಹದ ಪೆಟ್ಟಿಗೆಗೂ ನಡುವೆ, ಇನ್ನೊಂದು ನ್ಯೂಟ್ರಲ್ ತಂತಿಗೂ ಪೆಟ್ಟಿಗೆಗೂ ನಡುವೆ. ವಾಡಿಕೆಯಲ್ಲಿ ಅರ್ಥಿಂಗ್ ಎನ್ನಲಾಗುವ ಭೂಸಂಪರ್ಕವು ಸರಿಯಿದ್ದರೆ ಈ ಕಲಕುಗಳು ಮೂರನೆಯ ತಂತಿಯ ಮೂಲಕ ನೆಲಕ್ಕಿಳಿದು ಹೋಗುತ್ತವೆ. ಭೂಸಂಪರ್ಕವಿಲ್ಲದಿದ್ದರೆ ಅವೇ ಎರಡು ಕೆಪಾಸಿಟರುಗಳು ಪೆಟ್ಟಿಗೆಯನ್ನು ಪೂರೈಕೆಯ ಅರ್ಧದಷ್ಟು, ಎಂದರೆ ಸುಮಾರು 115 ವೋಲ್ಟ್ ಮಟ್ಟದಲ್ಲಿ ತೇಲಿಸುತ್ತವೆ. ಲೋಹದ ಪೆಟ್ಟಿಗೆಗೆ ಕೈ ತಗುಲಿದಾಗ ಇರುವೆ ಹರಿದಂತೆ ಜುಮ್ಮೆನ್ನುವುದು ಇದರಿಂದಲೇ. ಕೆಪಾಸಿಟರಿನ ಮೌಲ್ಯ 2.2 ನ್ಯಾನೋಫ್ಯಾರಡ್ ಆಗಿದ್ದರೆ ಹರಿಯುವ ವಿದ್ಯುತ್ತು ಸುಮಾರು 0.16 ಮಿಲಿಆಂಪಿಯರ್. ಇಷ್ಟೇ ಆದರೆ ಅಪಾಯವಿಲ್ಲ. ಆದರೆ ಜುಮ್ಮೆನ್ನುವಿಕೆಯು ಭೂಸಂಪರ್ಕವಿಲ್ಲವೆಂಬುದಕ್ಕೆ ಸಾಕ್ಷಿ. ಅದನ್ನು ತಿಳಿಯಲು ಬೇಕೆಂದೇ ಮುಟ್ಟಿ ನೋಡುವ ಅಗತ್ಯವಿಲ್ಲ.

ತೇಲುತ್ತಿರುವ ಈ ವಿದ್ಯುತ್ತು ನೆಲವನ್ನು ಸೇರಲು ದಾರಿ ಹುಡುಕುತ್ತದೆ. ಹೊರ ಪರದೆಯ ತಂತಿ, ಧ್ವನಿವರ್ಧಕದ ತಂತಿ, ಕೆಲವೊಮ್ಮೆ ಕೇಳುಗನ ದೇಹವೇ ಆ ದಾರಿಯಾಗುತ್ತದೆ. ಧ್ವನಿಯೂ ಈ ವಿದ್ಯುತ್ತೂ ಒಂದೇ ಹಿಂತಿರುಗು ತಂತಿಯನ್ನು ಹಂಚಿಕೊಂಡಾಗ ಗುಂಗು ಸಂಗೀತದೊಡನೆ ಬೆರೆಯುತ್ತದೆ. ಮಾತನಾಡುವವನ ಮೈಕಿನಿಂದ ಇತರರಿಗೆ ಗುಂಗು ಕೇಳಿಸಿ, ಆತನು ಲ್ಯಾಪ್‌ಟಾಪಿನ ಲೋಹವನ್ನು ಸ್ಪರ್ಶಿಸಿದೊಡನೆ ಅದು ಬದಲಾದರೆ ಕಾರಣ ಬಹುತೇಕ ಇದೇ.

ಇದಕ್ಕೆ ವ್ಯತಿರಿಕ್ತವಾದ ಸನ್ನಿವೇಶವೂ ಉಂಟು. ಕಂಪ್ಯೂಟರನ್ನು ಒಂದು ಗೋಡೆಯ ಸಾಕೆಟ್ಟಿಗೂ ಧ್ವನಿವರ್ಧಕವನ್ನು ಇನ್ನೊಂದು ಗೋಡೆಯ ಸಾಕೆಟ್ಟಿಗೂ ಜೋಡಿಸಿದ್ದು, ಎರಡಕ್ಕೂ ಭೂಸಂಪರ್ಕವಿದ್ದಾಗ ಅವೆರಡರ ಭೂಮಟ್ಟದಲ್ಲಿ ಅಲ್ಪ ವ್ಯತ್ಯಾಸವಿರುತ್ತದೆ. ಧ್ವನಿಯ ತಂತಿಯು ಎರಡನ್ನೂ ಬೆಸೆಯುವುದರಿಂದ ಒಂದು ಸುತ್ತು ಪೂರ್ಣಗೊಂಡು, ಅದರಲ್ಲಿ ಹರಿಯುವ ವಿದ್ಯುತ್ತು ಗುಂಗಾಗಿ ಕೇಳಿಸುತ್ತದೆ. ಮೂರನೆಯ ಕಡ್ಡಿಯನ್ನು ಮುರಿಯುವ ಸಲಹೆ ಹುಟ್ಟುವುದು ಇಲ್ಲಿಯೇ. ಸುತ್ತನ್ನು ಕಡಿದರೆ ಸದ್ದು ನಿಲ್ಲಲೇಬೇಕು. ಆದರೆ ಕಡಿಯಬೇಕಾದುದು ಧ್ವನಿಯ ಬದಿಯಲ್ಲಿ. ರಕ್ಷಣೆಯ ಬದಿಯಲ್ಲಿ ಅಲ್ಲ. ಎರಡೂ ಉಪಕರಣಗಳನ್ನು ಒಂದೇ ಗೋಡೆ ಸಾಕೆಟ್ಟಿನಿಂದ ಹೊರಟ ಒಂದೇ ಹಂಚಿಕೆ ಪಟ್ಟಿಗೆ ಜೋಡಿಸಿದರೆ ಅನೇಕ ವೇಳೆ ಅಷ್ಟಕ್ಕೇ ಗುಂಗು ಅಡಗುತ್ತದೆ. ಅಡಗದಿದ್ದರೆ ಧ್ವನಿಯ ತಂತಿಯ ನಡುವೆ ಪ್ರತ್ಯೇಕತಾ ಪರಿವರ್ತಕವನ್ನು ಅಳವಡಿಸಬಹುದು, ಅಥವಾ ಸೌಲಭ್ಯವಿದ್ದಲ್ಲಿ ಬೆಳಕಿನ ಮೂಲಕ ಧ್ವನಿಯನ್ನು ಸಾಗಿಸುವ ಆಪ್ಟಿಕಲ್ ತಂತಿಯನ್ನು ಬಳಸಬಹುದು. ಕೇವಲ ಹೆಡ್‌ಫೋನ್ ಮಾತ್ರ ಜೋಡಿಸಿರುವಾಗ ಇಂತಹ ಸುತ್ತು ಉಂಟಾಗುವುದಿಲ್ಲ. ಆದ್ದರಿಂದ ಆಗ ಕಡ್ಡಿ ಮುರಿಯಲು ನೆಪವೂ ಇಲ್ಲ.

ಮೂರನೆಯ ಕಡ್ಡಿ

ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಮೇಲಿನದು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ಎಲ್ಲರೂ ನೋಡಿರುತ್ತಾರೆ. ಸಾಕೆಟ್ಟಿನೊಳಗೆ ಅದು ಮೊದಲು ಸೇರಿ ಕೊನೆಗೆ ಕಳಚಿಕೊಳ್ಳಬೇಕೆಂಬುದೇ ಆ ಉದ್ದದ ಉದ್ದೇಶ. ಎಂದಾದರೊಂದು ದಿನ ಉಪಕರಣದ ಒಳಗಿನ ಹೊದಿಕೆ ಸವೆದು ಫೇಸ್ ತಂತಿಯು ಪೆಟ್ಟಿಗೆಯನ್ನು ಮುಟ್ಟಿತೆಂದು ಭಾವಿಸೋಣ. ಭೂಸಂಪರ್ಕದ ಮಾರ್ಗದ ಒಟ್ಟು ರೋಧ 5 ಓಮ್ ಇದ್ದರೆ 46 ಆಂಪಿಯರ್ ಹರಿದು, 6 ಆಂಪಿಯರಿನ ಎಂಸಿಬಿಯು ಕ್ಷಿಪ್ರವಾಗಿ ಬಿದ್ದು ಮನೆಯು ಕತ್ತಲಾಗುತ್ತದೆ; ಮನುಷ್ಯನು ಉಳಿಯುತ್ತಾನೆ. ಕಡ್ಡಿಯನ್ನು ಮುರಿದಿದ್ದರೆ ಪೆಟ್ಟಿಗೆಯು 230 ವೋಲ್ಟಿನಲ್ಲಿ ಸದ್ದಿಲ್ಲದೆ ಕಾಯುತ್ತಿರುತ್ತದೆ. ಒದ್ದೆ ಕೈಯ ಮನುಷ್ಯನ ದೇಹದ ರೋಧ ಸುಮಾರು 1000 ಓಮ್. ಅವನು ಮುಟ್ಟಿದಾಗ ಹರಿಯುವುದು 230 ಮಿಲಿಆಂಪಿಯರ್, ಎಂದರೆ ಕಾಲು ಆಂಪಿಯರಿಗೂ ಕಡಿಮೆ. ಎಂಸಿಬಿಗೆ ಇದು ಗಮನಕ್ಕೆ ಬಾರದಷ್ಟು ಅಲ್ಪ, ಹೃದಯಕ್ಕೆ ಮಾರಕ. ಸೋರಿಕೆಯನ್ನು ಗುರುತಿಸಿ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಎಂಬ ಸಾಧನವನ್ನು ಮನೆಗಳಲ್ಲಿ 30 ಮಿಲಿಆಂಪಿಯರಿಗೆ ನಿಗದಿಪಡಿಸುವುದು ಈ ಕಾರಣದಿಂದಲೇ. ತಲೆಯ ಮೇಲೆ ಧರಿಸುವ ಸಾಧನದ ತಂತಿಯು ಅಂತಹ ಪೆಟ್ಟಿಗೆಯಿಂದಲೇ ಹೊರಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಹಳೆಯ ಕಾಶಿಯ ಮನೆಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಮಹತ್ವವಿದೆ. ಪಕ್ಕಾ ಮಹಲ್ ಎಂದು ಕರೆಯಲಾಗುವ ಘಾಟುಗಳ ಹಿಂದಿನ ಪ್ರದೇಶದಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಗಲ್ಲಿಗಳಿಗೆ ಕಲ್ಲು ಹಾಸಲಾಗಿದೆ. ಭೂಸಂಪರ್ಕದ ಗುಂಡಿ ತೋಡಲು ತೆರೆದ ನೆಲ ದೊರೆಯುವುದೇ ಕಷ್ಟ. ಸಮಗ್ರ ವಿದ್ಯುತ್ ಅಭಿವೃದ್ಧಿ ಯೋಜನೆಯಡಿ 2015ರ ನಂತರ ಇಲ್ಲಿನ ಅನೇಕ ಗಲ್ಲಿಗಳ ಮೇಲೆ ಬಲೆಯಂತೆ ಜೋತಾಡುತ್ತಿದ್ದ ತಂತಿಗಳು ನೆಲದೊಳಗೆ ಸೇರಿದವು. ಆದರೆ ಯೋಜನೆಯು ಮನೆಯ ಬಾಗಿಲವರೆಗಿನದು. ಮಾಪಕದಿಂದ ಒಳಗಿನ ತಂತಿಜಾಲ ಮನೆಯವರ ಹೊಣೆ. ಎರಡು ತಂತಿಗಳಷ್ಟೇ ಇದ್ದ ಕಾಲದ ಗೋಡೆಗೆ ಮೂರು ರಂಧ್ರಗಳ ಹೊಸ ಸಾಕೆಟ್ಟನ್ನು ಕೂಡಿಸಿದ ಮಾತ್ರಕ್ಕೆ ಮೂರನೆಯ ತಂತಿ ಹುಟ್ಟುವುದಿಲ್ಲ. ಮೇಲಿನ ರಂಧ್ರದ ಹಿಂದೆ ಏನೂ ಇಲ್ಲದ ಸಾಕೆಟ್ಟುಗಳು ಕಾಶಿಯಲ್ಲಿ ಮಾತ್ರವಲ್ಲ, ನಮ್ಮ ಊರುಗಳ ಹಳೆಯ ಮನೆಗಳಲ್ಲಿಯೂ ಹೇರಳ.

ಇದಕ್ಕಿಂತಲೂ ಕೆಟ್ಟ ರೂಢಿಯೊಂದಿದೆ. ಭೂಸಂಪರ್ಕವಿಲ್ಲದ ಸಾಕೆಟ್ಟಿನೊಳಗೆ ಮೇಲಿನ ರಂಧ್ರವನ್ನು ನ್ಯೂಟ್ರಲ್ಲಿಗೆ ತುಂಡು ತಂತಿಯಿಂದ ಬೆಸೆದುಬಿಡುವುದು. ಪರೀಕ್ಷಾ ದೀಪ ಉರಿಯುತ್ತದೆ, ಜುಮ್ಮೆನ್ನುವುದೂ ನಿಲ್ಲುತ್ತದೆ, ಮನೆಯವರು ತೃಪ್ತರಾಗುತ್ತಾರೆ. ಆದರೆ ಎಂದಾದರೂ ನ್ಯೂಟ್ರಲ್ ತಂತಿ ಕಡಿದುಹೋದರೆ ಆ ಸಾಕೆಟ್ಟಿಗೆ ಜೋಡಿಸಿದ ಪ್ರತಿಯೊಂದು ಲೋಹದ ಪೆಟ್ಟಿಗೆಯೂ ಜೀವಂತ ತಂತಿಯಾಗಿ ಮಾರ್ಪಡುತ್ತದೆ. ಮನೆಯ ಇತರ ಉಪಕರಣಗಳ ವಿದ್ಯುತ್ತು ಇದೇ ಮಾರ್ಗದಲ್ಲಿ ಹರಿಯುವುದರಿಂದ ಗುಂಗೂ ಹೆಚ್ಚುವ ಸಂಭವವಿದೆ. ನೀರಿನ ಕೊಳವೆಗೆ ಭೂತಂತಿಯನ್ನು ಸುತ್ತುವ ಹಳೆಯ ಪದ್ಧತಿಯೂ ಈಗ ನಂಬಲರ್ಹವಲ್ಲ. ಕೊಳವೆಯ ಒಂದು ತುಂಡನ್ನು ಪ್ಲಾಸ್ಟಿಕ್ಕಿಗೆ ಬದಲಿಸಿದ ದಿನವೇ ಆ ಸಂಪರ್ಕ ಕಡಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಗುಂಗಿನ ಜಾಡು ಗೋಡೆಯವರೆಗೆ ಬಂದು ನಿಂತರೆ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನನ್ನು ಕರೆಸಿ ಭೂಸಂಪರ್ಕದ ರೋಧವನ್ನು ಉಪಕರಣದಿಂದ ಅಳೆಸುವುದೇ ಯುಕ್ತ. ಮಾರ್ಗದರ್ಶನಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 3043 ಎಂಬ ಸಂಹಿತೆಯಿದೆ. ಒಣ ಮಣ್ಣಿನ ರೋಧ ಹೆಚ್ಚು; ಚೈತ್ರ ವೈಶಾಖಗಳಲ್ಲಿ ಗುಂಗು ಬಲಿತು ಆಷಾಢದ ಮಳೆ ಬಿದ್ದೊಡನೆ ತಗ್ಗುವುದಾದರೆ ಭೂಸಂಪರ್ಕದ ಗುಂಡಿ ಒಣಗಿದೆಯೆಂದು ಊಹಿಸಿ ನೀರೆರೆಸಬೇಕು. ಗಂಗೆಯ ಪ್ರವಾಹವು ಕೆಳಗಲ್ಲಿಗಳನ್ನು ಹೊಕ್ಕು ಇಳಿದ ಮೇಲೆ, ನೀರು ತಾಗಿದ ಸಾಕೆಟ್ಟುಗಳನ್ನು ಪರೀಕ್ಷೆಯಾಗುವ ತನಕ ಬಳಸಲೇಬಾರದು. ಬಾಡಿಗೆಗೆ ಇರುವ ವಿದ್ಯಾರ್ಥಿಯು ತಂತಿಜಾಲವನ್ನು ತಾನೇ ಬದಲಿಸಲಾರ. ಮನೆಯ ಒಡೆಯರಿಗೆ ತಿಳಿಸಿ, ಅದು ಸರಿಯಾಗುವವರೆಗೆ ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ ಪಾಠ ಕೇಳುವುದು ಸುರಕ್ಷಿತ.

ವಿದ್ಯುತ್ ಕಡಿತದ ವೇಳೆಯಲ್ಲಿ ಮಾತ್ರ ಕರ್ಕಶವಾಗುವ ಸದ್ದಿಗೆ ಇನ್ವರ್ಟರ್ ಕಾರಣ. ಅಗ್ಗದ ಇನ್ವರ್ಟರುಗಳು ಚೌಕಾಕಾರದ ಅಲೆಯನ್ನು ಹೊರಡಿಸುತ್ತವೆ. ಶುದ್ಧ ಸೈನ್ ಅಲೆಯ ಇನ್ವರ್ಟರಿನಲ್ಲಿ ಈ ತೊಂದರೆ ವಿರಳ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಪೂರ್ಣ ವೇಗಕ್ಕೆ ತಿರುಗಿಸಿದಾಗ ಸದ್ದು ನಿಂತರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಧ್ವನಿಮುದ್ರಣದಲ್ಲೇ ಸೇರಿದ ಸದ್ದು

ಪಾಠವನ್ನು ತಡೆಹಿಡಿದಾಗ ನಿಲ್ಲುವ ಗುಂಗಿಗೆ ಮನೆಯ ತಂತಿಗಳನ್ನು ದೂರಿ ಫಲವಿಲ್ಲ. ಮುದ್ರಿಸಿಕೊಂಡ ದಿನದ ಮೈಕ್, ಹಳೆಯ ಟೇಪ್ ರೆಕಾರ್ಡರ್ ಅಥವಾ ಟೇಪಿನಿಂದ ಕಂಪ್ಯೂಟರಿಗೆ ವರ್ಗಾಯಿಸಿದಾಗಿನ ತಂತಿ ಅದನ್ನು ಸೇರಿಸಿರುತ್ತದೆ. ಉಚಿತವಾಗಿ ದೊರೆಯುವ ಆಡಾಸಿಟಿಯಂತಹ ತಂತ್ರಾಂಶದಲ್ಲಿ ಧ್ವನಿಯ ರೋಹಿತವನ್ನು ತೆರೆದರೆ 50, 100, 150ರ ಸ್ಥಾನಗಳಲ್ಲಿ ಸೂಜಿಗಳಂತೆ ನಿಂತ ಗೆರೆಗಳು ಕಾಣುತ್ತವೆ. ಆ ಆವರ್ತನಗಳನ್ನಷ್ಟೇ ಕಿತ್ತುಹಾಕುವ ಶೋಧಕವೂ ಅದರಲ್ಲಿದೆ. ಶೋಧಕವನ್ನು ಅಗಲವಾಗಿ ಬಿಟ್ಟರೆ 100ರ ಗುಂಗಿನೊಡನೆ 98ರ ಪಂಚಮದ ತಂತಿಯೂ ಸೊರಗುತ್ತದೆ. ತಂಬೂರಿಯು ತಳವಿಲ್ಲದ ಕೊಡದಂತೆ ಕೇಳಿಸುತ್ತದೆ. ಆದಷ್ಟು ಕಿರಿದಾಗಿಟ್ಟು, ಬದಲಾವಣೆಗಳನ್ನು ಪ್ರತಿಯೊಂದರ ಮೇಲೆ ಮಾತ್ರ ಮಾಡಿ, ಮೂಲ ಮುದ್ರಣವನ್ನು ಗುಂಗಿನ ಸಮೇತ ಹಾಗೆಯೇ ಕಾಪಾಡಿಕೊಳ್ಳಬೇಕು.